ಸ್ಕ್ರೂ ಹಲ್ಲಿಗೂ ಪಾಚಿ ಕಟ್ಟುತ್ತದೆ: ಇಂಪ್ಲಾಂಟ್ ಕ್ಲೀನಿಂಗ್ ಟಿಪ್ಪಣಿ

ಮಂಡ್ಯ ಕಡೆಯ ಅಜ್ಜಿಯೊಬ್ಬರು ಮೈಸೂರಿನ ನಮ್ಮ ಓಪಿಡಿಗೆ ಬಂದಿದ್ದರು. ಕೆಳದವಡೆಯಲ್ಲಿ ಎರಡು ಇಂಪ್ಲಾಂಟ್ (ಹೋದ ಹಲ್ಲಿನ ಜಾಗದಲ್ಲಿ ದವಡೆ ಮೂಳೆಗೆ ಕೂರಿಸುವ ಟೈಟಾನಿಯಂ ಸ್ಕ್ರೂ), ಸುತ್ತ ವಸಡು ಊದಿ ಕೆಂಪಗಾಗಿತ್ತು. "ಉಜ್ತೀರಾ ಅಜ್ಜಿ?" ಅಂದೆ. "ಮಿಕ್ಕಿದ್ದ ಉಜ್ತೀನಿ ಕಣ್ ಮಗಾ. ಇವು ಸ್ಕ್ರೂ ಹಲ್ಲಲ್ವಾ, ಹುಳ ಎಲ್ಲಿ ಹಿಡೀತದೆ?"

ಅರ್ಧ ನಿಜ. ಟೈಟಾನಿಯಂಗೆ ಹುಳುಕು ಹಿಡಿಯುವುದಿಲ್ಲ. ಆದರೆ ಅದನ್ನು ಹಿಡಿದು ನಿಲ್ಲಿಸಿರುವ ವಸಡು, ಮೂಳೆ ಎರಡೂ ಹಾಳಾಗುತ್ತವೆ.

ಆ ಹಾಳು ಮಾಡುವುದು ಬಯೋಫಿಲ್ಮ್, ಬ್ಯಾಕ್ಟೀರಿಯಾ ಪದರ ಪದರವಾಗಿ ಕಟ್ಟುವ ಅಂಟು ಪೊರೆ. ಅದು ಏನು ಅಂತ ನನಗೆ ಪುಸ್ತಕಕ್ಕಿಂತ ಚೆನ್ನಾಗಿ ಅರ್ಥವಾಗಿದ್ದು ಶ್ರೀರಂಗಪಟ್ಟಣದ ಸ್ನಾನಘಟ್ಟದಲ್ಲಿ. ಮೆಟ್ಟಿಲ ಮೇಲೆ ಕಾವೇರಿ ಹಗಲು ರಾತ್ರಿ ಹರಿಯುತ್ತಾಳೆ, ಪಾಚಿ ಮಾತ್ರ ಅಲ್ಲೇ ಇರುತ್ತದೆ. ಗಟ್ಟಿ ಪೊರಕೆ ಹಿಡಿದು ಉಜ್ಜಿದರೆ ಮಾತ್ರ ಏಳುತ್ತದೆ. ಬಾಯಲ್ಲೂ ಹಾಗೇ. ಕ್ಲೀನ್ ಮಾಡಿದ ಕೆಲವೇ ನಿಮಿಷದಲ್ಲಿ ಎಂಜಲಿನ ಪ್ರೋಟೀನು ತೆಳು ಪೊರೆಯಾಗಿ ಕೂರುತ್ತದೆ. ಇದೇ ಪೆಲಿಕಲ್. ಮೊದಲು ಅದಕ್ಕೆ ಅಂಟುವುದು ಸ್ಟ್ರೆಪ್ಟೋಕಾಕಸ್ ಜಾತಿಯ ಬ್ಯಾಕ್ಟೀರಿಯಾ. ಆಮೇಲೆ ಫ್ಯೂಸೊಬ್ಯಾಕ್ಟೀರಿಯಂ ಬಂದು ಹಳಬರಿಗೊಂದು ಕೈ, ಹೊಸಬರಿಗೊಂದು ಕೈ ಕೊಡುತ್ತದೆ. ಆ ಕೈ ಹಿಡಿದು ಕೊನೆಗೆ ಬರುವುದೇ ವಸಡು ಕೆಡಿಸುವ ಪೋರ್ಫಿರೋಮೊನಾಸ್ ಜಿಂಜಿವಾಲಿಸ್. ಇಷ್ಟು ಪದರ ಕೂಡಿದ ಮೇಲೆ ಸುಮ್ನೆ ಮೌತ್‌ವಾಶ್ ಮುಕ್ಕಳಿಸಿದರೆ ಮೇಲುಮೇಲಕ್ಕೆ ತಾಗುತ್ತದೆ ಅಷ್ಟೇ. ಕ್ಲೋರ್‌ಹೆಕ್ಸಿಡಿನ್ ಎಂಬ ರೋಗಾಣುನಾಶಕ ಮೌತ್‌ವಾಶ್ 0.12 ಆಗಲಿ 0.2 ಪರ್ಸೆಂಟ್ ಆಗಲಿ, ಉಜ್ಜಿದ ಮೇಲಿನ ಸಹಾಯಕ್ಕೆ ಮಾತ್ರ. ತಿಂಗಳುಗಟ್ಟಲೆ ಬಳಸಿದರೆ ಹಲ್ಲು ಕಂದುಬಣ್ಣಕ್ಕೆ ತಿರುಗುತ್ತದೆ, ನಾಲಿಗೆ ರುಚಿ ಕೆಡುತ್ತದೆ.

ಸ್ವಂತ ಹಲ್ಲಿಗಿಂತ ಇಂಪ್ಲಾಂಟ್ ಸುತ್ತ ಯಾಕೆ ಜಾಸ್ತಿ ಭಯ? ಹಲ್ಲಿನ ಬೇರಿನ ಹೊರಪದರವಾದ ಸಿಮೆಂಟಮ್‌ಗೆ ವಸಡಿನ ನಾರುಗಳು ಅಡ್ಡಡ್ಡ ನಾಟಿಕೊಂಡಿರುತ್ತವೆ. ಇಂಪ್ಲಾಂಟ್ ಸುತ್ತ ಅವು ಉದ್ದಕ್ಕೆ, ಇಲ್ಲವೇ ಬಳೆಯ ಹಾಗೆ ಸುತ್ತ ಓಡುತ್ತವೆ. ಒಳಗೆ ನಾಟುವುದಿಲ್ಲ. ಬೇರನ್ನು ಮೂಳೆಗೆ ಕಟ್ಟುವ ನಾರಿನ ಪದರ, ಪೆರಿಯೊಡಾಂಟಲ್ ಲಿಗಮೆಂಟ್, ಇಲ್ಲ, ಅದರ ರಕ್ತನಾಳಗಳೂ ಇಲ್ಲ. ಹಾಗಾಗಿ ಸೋಂಕು ಮೂಳೆ ಕಡೆಗೆ ಇಳಿಯುವುದನ್ನು ತಡೆಯುವ ಬೇಲಿ ಸಡಿಲ.

ವಸಡಿನಲ್ಲಷ್ಟೇ ಊತ, ರಕ್ತ ಇದ್ದರೆ ಮ್ಯೂಕೋಸೈಟಿಸ್. ಕೊಳೆ ತೆಗೆದರೆ ವಾಸಿಯಾಗುತ್ತದೆ. ಮೂಳೆ ಕರಗಲು ಶುರುವಾದರೆ ಪೆರಿ-ಇಂಪ್ಲಾಂಟೈಟಿಸ್. ಹೋದ ಮೂಳೆ ತಾನಾಗಿ ವಾಪಸ್ ಬರುವುದಿಲ್ಲ. ಪರೀಕ್ಷೆಗೆ ಇದನ್ನು ನೆನಪಿಡಿ: ಹಳೆಯ ಎಕ್ಸ್‌ರೇ ಸಿಗದಿದ್ದಾಗ ವಸಡು, ಇಂಪ್ಲಾಂಟ್ ರೋಗಗಳ 2017ರ ವರ್ಗೀಕರಣದ ಪ್ರಕಾರ ಪ್ರೋಬ್ (ವಸಡಿನ ಸಂದಿಯ ಆಳ ಅಳೆಯುವ ಕಡ್ಡಿ) ತಾಗಿಸಿದಾಗ ರಕ್ತ ಅಥವಾ ಕೀವು, ಅದು ಇಳಿಯುವ ಆಳ 6 ಮಿ.ಮೀ. ಅಥವಾ ಜಾಸ್ತಿ, ಮೂಳೆ ಮಟ್ಟ ಇಂಪ್ಲಾಂಟಿನ ಮೂಳೆಯೊಳಗಿನ ಭಾಗದ ಮೇಲ್ತುದಿಗಿಂತ 3 ಮಿ.ಮೀ. ಅಥವಾ ಜಾಸ್ತಿ ಆಚೆ ಸರಿದಿರುವುದು. ಮೂರೂ ಸೇರಿದರೆ ಪೆರಿ-ಇಂಪ್ಲಾಂಟೈಟಿಸ್. ಪ್ರೋಬ್ ಒತ್ತಬೇಡಿ, 0.25 ನ್ಯೂಟನ್ ಸಾಕು.

ಈಗ ನನ್ನ ಪೆದ್ದತನ. ಮೊದಲ ಸಲ ಕ್ಲೀನಿಂಗ್‌ಗೆ ಕೂತಾಗ ಅಭ್ಯಾಸಬಲದಿಂದ ಹಲ್ಲಿನ ಕೊಳೆ ಕೆರೆಯುವ ಸ್ಟೀಲ್ ಸ್ಕೇಲರ್ ಎತ್ತಿಕೊಂಡೆ. ಕಲಿಸುವ ಮೇಡಂ ನನ್ನ ಕೈ ಹಿಡಿದರು. ಬಾಯಿಂದ ತೆಗೆದ, ಇಂಪ್ಲಾಂಟಿಗೂ ಮೇಲಿನ ಕೃತಕ ಹಲ್ಲಿಗೂ ನಡುವೆ ಕೂರುವ ಹಳೆಯ ಅಬಟ್‌ಮೆಂಟ್ ಒಂದನ್ನು ದೀಪಕ್ಕೆ ಹಿಡಿದು ತೋರಿಸಿದರು. ನುಣುಪು ಲೋಹದ ಮೇಲೆ, ಸ್ಲೇಟಿಗೆ ಮೊಳೆಯಲ್ಲಿ ಗೀಚಿದ ಹಾಗೆ ಗೀರುಗಳು. ಒರಟು ಸುಮಾರು 0.2 ಮೈಕ್ರಾನ್ ದಾಟಿದರೆ ಬ್ಯಾಕ್ಟೀರಿಯಾ ಹೆಚ್ಚು ಅಂಟಲು ಶುರು. ಅಂದರೆ ನಾನು ತೊಳೆಯಲು ಹೋಗಿ ಅವಕ್ಕೆ ಮನೆ ಕಟ್ಟಿಕೊಡುತ್ತಿದ್ದೆ! ಅದಕ್ಕೇ ಟೈಟಾನಿಯಂ ಅಥವಾ ಪ್ಲಾಸ್ಟಿಕ್ ಕ್ಯುರೆಟ್ (ಕೆರೆಯುವ ಚಮಚದಂಥ ಉಪಕರಣ), ಪೀಕ್ ಎಂಬ ಪ್ಲಾಸ್ಟಿಕ್ ತುದಿಯ ಅಲ್ಟ್ರಾಸಾನಿಕ್, ಇಲ್ಲವೇ ಗ್ಲೈಸಿನ್, ಎರಿಥ್ರಿಟಾಲ್ ಪುಡಿಯನ್ನು ಗಾಳಿಯಲ್ಲಿ ಚಿಮ್ಮಿಸುವ ಏರ್ ಪಾಲಿಶಿಂಗ್. ನನಗೆ ಪ್ಲಾಸ್ಟಿಕ್ ಕ್ಯುರೆಟ್ ಅಷ್ಟು ಇಷ್ಟವಿಲ್ಲ. ಗಟ್ಟಿ ಪಾಚಿಗೆ ಬಾಗುತ್ತದೆ, ಚೂರೂ ಬಿಡುತ್ತದೆ.

ಮನೆಯಲ್ಲಿ ಮೆತ್ತನೆ ಬ್ರಶ್, ವಸಡಿನ ಅಂಚಿಗೆ ಓರೆಯಾಗಿ. ಸಂದಿಗೆ ಇಂಟರ್‌ಡೆಂಟಲ್ ಬ್ರಶ್. ಅದರ ತಂತಿಗೆ ಪ್ಲಾಸ್ಟಿಕ್ ಹೊದಿಕೆ ಇರಲಿ, ಅಳತೆ ಡಾಕ್ಟರೇ ಆರಿಸಲಿ. ಸಣ್ಣದು ಸುಮ್ನೆ ಹೋಗಿ ಬರುತ್ತದೆ, ಏನೂ ಉಜ್ಜುವುದಿಲ್ಲ. ಫ್ಲಾಸ್ (ಹಲ್ಲುಸಂದಿಯ ದಾರ) ಬಳಸುವವರು ಇಂಪ್ಲಾಂಟಿನ ಒರಟು ಭಾಗ ಹೊರಗೆ ಕಾಣುತ್ತಿದ್ದರೆ ಹುಷಾರು, ದಾರದ ಎಳೆ ಹರಿದು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಇದ್ದಿಲು, ಉಪ್ಪಿನ ಪುಡಿ ಬೇಡವೇ ಬೇಡ. ಇನ್ನೊಂದು ಮಾತು: ಇಂಪ್ಲಾಂಟ್ ಮೇಲೆ ಕೂರಿಸಿದ ಕೃತಕ ಹಲ್ಲು, ಅಂದರೆ ಕ್ರೌನ್, ಗುಂಡಗೆ ಉಬ್ಬಿಕೊಂಡು ಬ್ರಶ್ಶಿಗೆ ದಾರಿಯೇ ಇಲ್ಲದಿದ್ದರೆ ಪೇಷಂಟನ್ನು ಬೈದು ಪ್ರಯೋಜನವಿಲ್ಲ. ಅದು ಕ್ರೌನ್ ಮಾಡಿದವರ ತಪ್ಪು.

ಅಜ್ಜಿಗೆ ಕೊಳೆ ಇರುವ ಕಡೆ ಕೆಂಪಾಗಿ ತೋರಿಸುವ ಡಿಸ್ಕ್ಲೋಸಿಂಗ್ ದ್ರಾವಣ ಹಚ್ಚಿ ಕನ್ನಡಿ ಕೊಟ್ಟೆ. "ಎಲೆಅಡ್ಕೆ ಬುಟ್ಟು ಆರ್ ವರ್ಸ ಆಯ್ತಲ್ಲ, ಇದ್ಯಾವ್ ಕೆಂಪು ಮಗಾ?" ಅಂದರು. ಬ್ರಶ್ ಕೊಟ್ಟೆ. ಮುಂದಿನದೆಲ್ಲ ಹೋಯಿತು. ನಾಲಿಗೆ ಕಡೆ, ಎರಡು ಸ್ಕ್ರೂಗಳ ಬುಡದಲ್ಲಿ ಗೆರೆಯಷ್ಟು ಕೆಂಪು ಉಳಿಯಿತು. ಕಣ್ಣಿಗೆ ಕಾಣದ ಕಡೆ ಕೈ ಹೋಗುವುದಿಲ್ಲ. ಹಾಗಾಗಿ ಅವತ್ತು ಅಜ್ಜಿಗೆ ಕಲಿಸಿದ್ದು ಒಂದೇ, ಉಜ್ಜುವುದನ್ನು ಆ ಒಳಬದಿಯಿಂದ ಶುರುಮಾಡುವುದು.