ಲಿಥಿಯಂ ಮಾತ್ರೆ ನಮ್ಮ ಜೀನ್‌ಗಳನ್ನೇ ಬದಲಿಸಿಬಿಡುತ್ತಾ?

ಪ್ರಶ್ನೆ: ಬೈಪೋಲಾರ್ ಕಾಯಿಲೆಗೆ ಡಾಕ್ಟರು ಲಿಥಿಯಂ ಬರೆದುಕೊಟ್ಟಿದ್ದಾರೆ. ಅದು ಜೀನ್‌ಗಳ ಮೇಲೆ ಕೆಲಸ ಮಾಡುತ್ತದೆ ಅಂತ ಓದಿ ಭಯವಾಯಿತು. ನನ್ನ ಜೀನ್ ಬದಲಾಗಿಬಿಡುತ್ತಾ? ಮುಂದೆ ಹುಟ್ಟುವ ಮಕ್ಕಳಿಗೂ ಅದು ಹೋಗುತ್ತಾ?

ಇಲ್ಲ, ಹೆದರಬೇಡಿ. ಅಪ್ಪ ಅಮ್ಮನಿಂದ ಬಂದ ಡಿಎನ್‌ಎ ಅಕ್ಷರಗಳನ್ನು ಲಿಥಿಯಂ ತಿದ್ದುವುದಿಲ್ಲ. ಯಾವ ಜೀನ್ ಎಷ್ಟು ಕೆಲಸ ಮಾಡಬೇಕು ಅನ್ನುವುದು ಮಾತ್ರ ಸ್ವಲ್ಪ ಹೆಚ್ಚುಕಡಿಮೆ ಆಗುತ್ತದೆ. ಚರ್ಮದ ಕೋಶದಲ್ಲೂ ನರಕೋಶದಲ್ಲೂ ಇರುವುದು ಅದೇ ಡಿಎನ್‌ಎ, ಅಲ್ವಾ? ಆದರೂ ಎರಡೂ ಬೇರೆ ಬೇರೆ. ಯಾಕೆಂದರೆ ಒಂದು ಕಡೆ ಚುರುಕಾಗಿರುವ ಜೀನ್ ಇನ್ನೊಂದು ಕಡೆ ಸುಮ್ನೆ ಮಲಗಿರುತ್ತದೆ. ಲಿಥಿಯಂ ಮುಟ್ಟುವುದು ಈ ಚುರುಕುತನವನ್ನು, ಅದೂ ನೇರವಾಗಿ ಅಲ್ಲ.

1949ರಲ್ಲಿ ಆಸ್ಟ್ರೇಲಿಯಾದ ಮನೋವೈದ್ಯ ಜಾನ್ ಕೇಡ್ ಉನ್ಮಾದದ, ಅಂದರೆ ಬೈಪೋಲಾರ್‌ನಲ್ಲಿ ಮನಸ್ಸು ಅತಿಯಾಗಿ ಉಕ್ಕೇರುವ ಸ್ಥಿತಿಯ, ರೋಗಿಗಳಿಗೆ ಲಿಥಿಯಂ ಕೊಟ್ಟು ಗುಣ ಕಂಡರು. ಅದು ಒಳಗೆ ಏನು ಮಾಡುತ್ತದೆ ಅನ್ನುವ ಸುಳಿವು ಸಿಗಲು ದಶಕಗಳೇ ಬೇಕಾದವು. ಲಿಥಿಯಂ ಅಯಾನು (ವಿದ್ಯುದಂಶ ಹೊತ್ತ ಕಣ) ಗಾತ್ರದಲ್ಲಿ ಹೆಚ್ಚುಕಡಿಮೆ ಮೆಗ್ನೀಸಿಯಂನಷ್ಟೇ ಇದೆ. ಹಾಗಾಗಿ ಮೆಗ್ನೀಸಿಯಂ ಬೇಕಾದ ಕೆಲವು ಕಿಣ್ವಗಳಲ್ಲಿ (ಕೋಶದೊಳಗಿನ ರಾಸಾಯನಿಕ ಕೆಲಸ ನಡೆಸುವ ಪ್ರೋಟೀನ್‌ಗಳಲ್ಲಿ) ಇದು ಹೋಗಿ ಆ ಜಾಗ ಹಿಡಿದು ಕೂರುತ್ತದೆ, ಕಿಣ್ವದ ಕೆಲಸ ನಿಧಾನವಾಗುತ್ತದೆ. ಅವುಗಳಲ್ಲಿ ಜಿಎಸ್‌ಕೆ-3 ಅನ್ನುವುದು ಮುಖ್ಯ. ಲಿಥಿಯಂ ಇದನ್ನು ತಡೆಯುತ್ತದೆ ಅಂತ ಗೊತ್ತಾದದ್ದು 1996ರಲ್ಲಿ.

ಜೀವಕೋಶದೊಳಗೆ ಬೀಟಾ-ಕೆಟೆನಿನ್ ಅನ್ನುವ ಪ್ರೋಟೀನ್ ಸದಾ ತಯಾರಾಗುತ್ತಿರುತ್ತದೆ. ಜಿಎಸ್‌ಕೆ-3 ಅದರ ಮೇಲೆ ಒಂದು ಫಾಸ್ಫೇಟ್ ಗುರುತು ಹಾಕುತ್ತದೆ. ಗುರುತು ಬಿದ್ದದ್ದನ್ನು ಕೋಶ ಚೂರು ಮಾಡಿ ಎಸೆಯುತ್ತದೆ. ಲಿಥಿಯಂ ಬಂದು ಗುರುತು ಹಾಕುವ ಕೈಯನ್ನೇ ಹಿಡಿದುಕೊಂಡರೆ ಬೀಟಾ-ಕೆಟೆನಿನ್ ಉಳಿಯುತ್ತದೆ, ಜಾಸ್ತಿಯಾಗುತ್ತದೆ, ಕೋಶಕೇಂದ್ರದೊಳಗೆ ಹೋಗಿ ಅಲ್ಲಿನ ಪ್ರೋಟೀನ್‌ಗಳ ಜೊತೆ ಸೇರಿ ಕೆಲವು ಜೀನ್‌ಗಳನ್ನು ಎಬ್ಬಿಸುತ್ತದೆ. ನರಕೋಶಗಳನ್ನು ಪೋಷಿಸುವ ಬಿಡಿಎನ್‌ಎಫ್, ಕೋಶ ಸಾಯದಂತೆ ಕಾಯುವ ಬಿಸಿಎಲ್-2, ಇವೆರಡೂ ಲಿಥಿಯಂನಿಂದ ಹೆಚ್ಚಾಗುವುದು ಪ್ರಯೋಗಾಲಯದ ಕೋಶಗಳಲ್ಲಿ, ಪ್ರಾಣಿಗಳಲ್ಲಿ ಕಂಡಿದೆ.

ನನಗೆ ತುಂಬಾ ಹಿಡಿಸುವುದು ಗಡಿಯಾರದ ಕಥೆ. ದೇಹದ ಹಗಲು-ರಾತ್ರಿ ಲೆಕ್ಕವನ್ನು ಕೆಲವು ಜೀನ್‌ಗಳು ನಡೆಸುತ್ತವೆ. ರೆವ್-ಅರ್ಬ್ ಆಲ್ಫಾ ಅನ್ನುವ ಪ್ರೋಟೀನ್ ಅವುಗಳಲ್ಲಿ ಬಿಮಾಲ್-1 ಜೀನನ್ನು ಅದುಮಿ ಇಟ್ಟಿರುತ್ತದೆ. ಲಿಥಿಯಂ ಬಂದಾಗ ಆ ಪ್ರೋಟೀನ್ ಕರಗಿಹೋಗಿ ಬಿಮಾಲ್-1 ಎದ್ದೇಳುವುದು 2006ರಲ್ಲಿ ಕೋಶಗಳಲ್ಲಿ ಕಂಡಿತು. ಉನ್ಮಾದ ಬರುವ ಮೊದಲು ಎಷ್ಟೋ ಜನರಿಗೆ ನಿದ್ದೆಯೇ ಬೇಡ ಅನಿಸುತ್ತದೆ. ಆ ಅನುಭವ ಇದ್ದವರಿಗೆ ಇದು ಬರೀ ಲ್ಯಾಬಿನ ಸುದ್ದಿ ಅನಿಸಲಾರದು.

ರಕ್ತದಲ್ಲಿ ಲಿಥಿಯಂ ಮಟ್ಟ ಒಂದು ವಾರದೊಳಗೆ ಸ್ಥಿರವಾಗುತ್ತದೆ, ಆದರೆ ಉನ್ಮಾದ ಇಳಿಯಲು ಒಂದರಿಂದ ಮೂರು ವಾರ ಹಿಡಿಯಬಹುದು. ಜೀನ್ ಎದ್ದು, ಪ್ರೋಟೀನ್ ತಯಾರಾಗಿ, ನರಕೋಶ ಹೊಂದಿಕೊಳ್ಳಲು ಹೊತ್ತು ಬೇಕಲ್ಲ, ಈ ತಡಕ್ಕೆ ಅದೂ ಒಂದು ಕಾರಣ ಅಂತ ಸಂಶೋಧಕರು ಭಾವಿಸುತ್ತಾರೆ. ಮಾತ್ರೆ ನಿಲ್ಲಿಸಿದರೆ ಜಿಎಸ್‌ಕೆ-3 ಮತ್ತೆ ಕೆಲಸಕ್ಕೆ ಇಳಿಯುತ್ತದೆ. ನೀವಾಗೇ ತಟ್ಟನೆ ಬಿಟ್ಟರೆ ಕಾಯಿಲೆ ಮರುಕಳಿಸುವ ಅಪಾಯ ಜಾಸ್ತಿ, ದಯವಿಟ್ಟು ಹಾಗೆ ಮಾಡಬೇಡಿ. ರಕ್ತಪರೀಕ್ಷೆಯನ್ನೂ ತಪ್ಪಿಸಬೇಡಿ. ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಇರಬೇಕು, 1.5 ದಾಟಿದರೆ ವಿಷವಾಗಬಹುದು.

ಇನ್ನು ಮಕ್ಕಳ ವಿಷಯ. ನೀವು ಲಿಥಿಯಂ ನುಂಗಿದರೂ ನುಂಗದಿದ್ದರೂ ಮಗುವಿಗೆ ಹೋಗುವುದು ನಿಮ್ಮ ಅದೇ ಹಳೆಯ ಜೀನ್‌ಗಳು. ಆದರೆ ಗರ್ಭದಲ್ಲಿ ಮಗು ಇರುವಾಗ ತಾಯಿ ತೆಗೆದುಕೊಂಡ ಲಿಥಿಯಂ ಮಗುವನ್ನು ತಲುಪುತ್ತದೆ, ಮೊದಲ ಮೂರು ತಿಂಗಳಲ್ಲಿ ಹೃದಯದ ದೋಷದ ಅಪಾಯ ಸ್ವಲ್ಪ ಹೆಚ್ಚುತ್ತದೆ. ಗರ್ಭ ಧರಿಸುವ ಯೋಚನೆ ಇದ್ದರೆ ಅದಕ್ಕೂ ಮೊದಲೇ ಡಾಕ್ಟರ ಹತ್ತಿರ ಕೂತು ಮಾತಾಡಿ.