ಸದಾ ಚಾರ್ಜರ್ ಹಚ್ಚಿದ ಲ್ಯಾಪ್‌ಟಾಪ್: ಬ್ಯಾಟರಿ ಟಿಪ್ಪಣಿ

ಲಿಥಿಯಂ-ಅಯಾನ್ ಬ್ಯಾಟರಿಗೆ ಎರಡು ಬಗೆಯ ಸವೆತ. ತುಂಬಿ ಖಾಲಿಯಾಗುವುದರಿಂದ ಬರುವುದು ಸೈಕಲ್ ಸವೆತ. ಇವತ್ತು 40%, ನಾಳೆ 60% ಇಳಿಸಿದರೆ ಒಟ್ಟು ಒಂದು ಸೈಕಲ್. ಇನ್ನೊಂದು ಕೂತಲ್ಲೇ ಸವೆಯುವುದು. ಬಳಸದೆ ಇಟ್ಟರೂ ಅದಕ್ಕೆ ವಯಸ್ಸಾಗುತ್ತದೆ. ಮೇಜು ಬಿಟ್ಟು ಕದಲದ ಲ್ಯಾಪ್‌ಟಾಪಿಗೆ ಕಾಡುವುದು ಈ ಎರಡನೆಯದು.

ಎಲ್ಲರೂ ಮುಗ್ಗರಿಸುವ ಜಾಗ

‘100 ಆದ ಮೇಲೂ ಪ್ಲಗ್ ತೆಗೆಯದಿದ್ದರೆ ಓವರ್‌ಚಾರ್ಜ್ ಆಗುತ್ತದೆ’ ಎನ್ನುವುದು ತಪ್ಪು. ‘ಹಾಗಾದರೆ ಏನೂ ಆಗುವುದಿಲ್ಲ’ ಎನ್ನುವುದೂ ತಪ್ಪು. ಇದನ್ನು ನಿಧಾನಕ್ಕೆ ಬಿಡಿಸಿಕೊಳ್ಳಬೇಕು.

ಮನೆ ಮೇಲಿನ ನೀರಿನ ಟಾಕಿ ನೆನೆಸಿಕೊಳ್ಳಿರಿ. ಟಾಕಿ ತುಂಬಿದರೆ ಫ್ಲೋಟ್ ವಾಲ್ವ್ ಬಂದ್ ಆಗುತ್ತದೆ, ಅಡುಗೆಮನೆ ನಲ್ಲಿಗೆ ನೇರ ಲೈನಿನ ನೀರೇ ಬರುತ್ತದೆ. ಲ್ಯಾಪ್‌ಟಾಪಿನೊಳಗಿನ ಚಾರ್ಜಿಂಗ್ ಚಿಪ್ಪಿನದೂ ಇದೇ ಕೆಲಸ. ಸಾಮಾನ್ಯ ಸೆಲ್ (ಬ್ಯಾಟರಿಯೊಳಗಿನ ಒಂದೊಂದು ಘಟಕ) 4.2 ವೋಲ್ಟ್ ಮುಟ್ಟಿದ ಮೇಲೆ ಕರೆಂಟ್ ಇಳಿಯುತ್ತಾ ಬಂದು ನಿಲ್ಲುತ್ತದೆ. ಆಮೇಲೆ ಅಡಾಪ್ಟರಿನ ಕರೆಂಟ್ ನೇರ ಮದರ್‌ಬೋರ್ಡಿಗೆ, ಬ್ಯಾಟರಿ ಪಕ್ಕದಲ್ಲಿ ಸುಮ್ಮನೆ ಕೂತಿರುತ್ತದೆ.

ಟಾಕಿಯ ಹೋಲಿಕೆ ಇಲ್ಲಿಗೇ ಮುಗಿಯಿತು. ತುಂಬಿದ ಟಾಕಿಗೆ ನೋವಿಲ್ಲ, ತುಂಬಿದ ಸೆಲ್ಲಿಗಿದೆ. 4.2 ವೋಲ್ಟ್‌ನಲ್ಲಿ ನಿಂತಷ್ಟು ಹೊತ್ತೂ ಧನ ಧ್ರುವದ ಬಳಿ ಎಲೆಕ್ಟ್ರೋಲೈಟ್ (ಸೆಲ್ಲಿನೊಳಗಿನ ದ್ರಾವಣ) ಕೆಡುತ್ತಿರುತ್ತದೆ, ಋಣ ಧ್ರುವದ ಮೇಲೆ ಪೊರೆ ದಪ್ಪಗಾಗುತ್ತಾ ಲಿಥಿಯಂ ನುಂಗುತ್ತದೆ. ಕಾವು ಕೂಡಿದರೆ ಎರಡೂ ಜೋರು. ಪಾಠಗಳಲ್ಲಿ ಸಾಮಾನ್ಯವಾಗಿ ಕೊಡುವ ಅಂಕಿ ಹೀಗಿದೆ: 25 ಡಿಗ್ರಿಯಲ್ಲಿ ವರ್ಷ ಇಟ್ಟರೆ 100% ತುಂಬಿದ ಸೆಲ್ಲಿನಲ್ಲಿ ಉಳಿಯುವ ಸಾಮರ್ಥ್ಯ ಸುಮಾರು 80%, 40% ತುಂಬಿದ್ದರಲ್ಲಿ 96%. ಅದೇ 40 ಡಿಗ್ರಿಯಲ್ಲಾದರೆ 65% ಮತ್ತು 85%. ಏಪ್ರಿಲ್-ಮೇ ತಿಂಗಳ ಕಲಬುರಗಿಗೆ ಯಾವ ಸಾಲು ಅನ್ವಯಿಸುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಪ್ಲಗ್ ಕಿತ್ತು ದಿನಾ 20%ಕ್ಕೆ ಇಳಿಸಿ ಮತ್ತೆ ತುಂಬಿದರೆ? ಕೂತ ಸವೆತ ತಪ್ಪಿಸಲು ಸೈಕಲ್ ಸವೆತ ಕೊಂಡಂತೆ. ಪ್ಲಗ್ ಇರಲಿ, ಚಾರ್ಜ್ ಎಷ್ಟಕ್ಕೆ ನಿಲ್ಲಬೇಕೆಂಬ ಮಿತಿ ಇಳಿಸಿರಿ. 80%ಕ್ಕೆ ನಿಲ್ಲಿಸಿದರೆ ಸೆಲ್ ಸುಮಾರು 4 ವೋಲ್ಟ್ ಆಸುಪಾಸಿನಲ್ಲಿ ಇರುತ್ತದೆ.

ಮಿತಿ ಹಾಕಿದ ಮೇಲೆ ‘ಪ್ಲಗ್ಡ್ ಇನ್, ನಾಟ್ ಚಾರ್ಜಿಂಗ್’ ಎಂದು ಬರುತ್ತದೆ. ಅದು ಕೆಟ್ಟಿದ್ದಲ್ಲ, ಕೆಲಸ ಸರಿಯಾಗಿ ನಡೆದಿದೆ ಎಂದರ್ಥ. ಇದನ್ನು ನೋಡಿ ರಿಪೇರಿ ಅಂಗಡಿಗೆ ಓಡಬೇಡಿರಿ.

ಪ್ಲಗ್‌ನಲ್ಲಿದ್ದರೆ ಬ್ಯಾಟರಿ ಸುಮ್ಮನೆ ಕೂತಿರುತ್ತದೆ ಎಂಬುದಕ್ಕೆ ಒಂದು ಅಪವಾದ: ಅಡಾಪ್ಟರಿನ ವ್ಯಾಟ್ ಕಡಿಮೆ ಇದ್ದಾಗ. 135 ವ್ಯಾಟ್ ಬೇಡುವ ಯಂತ್ರಕ್ಕೆ 65 ವ್ಯಾಟಿನದು ಹಚ್ಚಿ ಭಾರದ ಕೆಲಸ ಮಾಡಿದರೆ ಕೊರತೆಯನ್ನು ಬ್ಯಾಟರಿ ತುಂಬಿಕೊಡುತ್ತದೆ. ಪ್ಲಗ್‌ನಲ್ಲಿದ್ದೂ ಸೈಕಲ್ ಏರುತ್ತಿದ್ದರೆ ಮೊದಲು ಅಡಾಪ್ಟರಿನ ಚೀಟಿ ಓದಿರಿ.

ಮಿತಿ ಎಲ್ಲಿದೆ

ಲೆನೊವೊದಲ್ಲಿ ವ್ಯಾಂಟೇಜ್ ಆ್ಯಪ್, ‘ಕನ್ಸರ್ವೇಶನ್ ಮೋಡ್’ (ಹಳೆ ಮಾಡೆಲ್‌ಗಳಲ್ಲಿ ಇದು 60%ಕ್ಕೇ ನಿಲ್ಲುತ್ತದೆ). ಏಸಸ್‌ನಲ್ಲಿ ಮೈಏಸಸ್. ಡೆಲ್‌ನಲ್ಲಿ ಬೂಟ್ ಆಗುವಾಗ ಎಫ್2, ಎಚ್‌ಪಿಯಲ್ಲಿ ಎಫ್10 ಒತ್ತಿ ಬಯಾಸ್‌ನಲ್ಲಿ (ವಿಂಡೋಸ್‌ಗಿಂತ ಮೊದಲು ತೆರೆಯುವ ಸೆಟ್ಟಿಂಗ್ ಪುಟ) ಬ್ಯಾಟರಿ ವಿಭಾಗ ಹುಡುಕಿರಿ. ಎಲ್ಲ ಮಾಡೆಲಿಗೂ ಈ ಸೌಲಭ್ಯ ಇರುವುದಿಲ್ಲ.

ಜೆಸ್ಕಾಂನವರು ಮರುದಿನ ಕರೆಂಟ್ ಇಲ್ಲವೆಂದು ಪ್ರಕಟಿಸಿದ್ದರೆ ಹಿಂದಿನ ರಾತ್ರಿ ಮಿತಿ ತೆಗೆದು 100 ಮಾಡಿಕೊಳ್ಳಿರಿ. ಒಂದು ದಿನದ 100ರಿಂದ ಏನೂ ಕೆಡುವುದಿಲ್ಲ, ತಿಂಗಳುಗಟ್ಟಲೆಯ 100 ಕೆಡಿಸುತ್ತದೆ.

ಎಷ್ಟು ಸವೆದಿದೆ

ವಿಂಡೋಸ್‌ನ ಕಮಾಂಡ್ ಪ್ರಾಂಪ್ಟಿನಲ್ಲಿ powercfg /batteryreport ಎಂದು ಹೊಡೆದರೆ ವರದಿಯ ಫೈಲ್ ಬರುತ್ತದೆ. ಅದರಲ್ಲಿ ಎರಡು ಸಂಖ್ಯೆ ಸಾಕು: ಡಿಸೈನ್ ಕೆಪ್ಯಾಸಿಟಿ 45,000, ಫುಲ್ ಚಾರ್ಜ್ ಕೆಪ್ಯಾಸಿಟಿ 36,000 ಮಿಲಿವ್ಯಾಟ್-ಗಂಟೆ ಎಂದಿದ್ದರೆ ಆರೋಗ್ಯ 80%. ಇದು ಚಾರ್ಜ್ ಮಿತಿಯ 80% ಅಲ್ಲ, ಗೊಂದಲ ಬೇಡ. ಈ 36,000ದ ಮೇಲೆ 80% ಮಿತಿ ಹಾಕಿದರೆ ಸಿಗುವುದು 28,800. ಯಂತ್ರ 12 ವ್ಯಾಟ್ ತಿಂದರೆ 2.4 ಗಂಟೆ.

ಸದಾ 80ರಲ್ಲೇ ನಿಂತರೆ ಅಳತೆಯ ಲೆಕ್ಕ ತಪ್ಪುತ್ತದೆ, 25% ತೋರಿಸುತ್ತಲೇ ಆಫ್ ಆಗಬಹುದು. ಎರಡು-ಮೂರು ತಿಂಗಳಿಗೊಮ್ಮೆ 100ಕ್ಕೆ ತುಂಬಿ, 10%ವರೆಗೆ ಇಳಿಸಿ, ಮತ್ತೆ ಮಿತಿ ಹಾಕಿರಿ. ಇದರಿಂದ ಅಳತೆ ಸರಿಹೋಗುತ್ತದೆ, ಸವೆದದ್ದು ಮರಳುವುದಿಲ್ಲ.

ಕಾವು

ಕೌದಿ, ಗಾದಿ ಮೇಲೆ ಇಡಬೇಡಿರಿ, ಕೆಳಗಿನ ಗಾಳಿಕಿಂಡಿ ಮುಚ್ಚುತ್ತದೆ. ಕೂಲಿಂಗ್ ಪ್ಯಾಡ್ ಕೊಳ್ಳುವ ಮೊದಲು ಒಂದು ಶಹಾಬಾದ್ ಕಲ್ಲಿನ ಹಲಗೆ ಮೇಜಿನ ಮೇಲೆ ಹಾಕಿ ನೋಡಿರಿ, ನುಣುಪಾಗಿ ತಣ್ಣಗಿರುತ್ತದೆ. ಹಿಂಬದಿಯನ್ನು ಎರಡು ಬಾಟಲಿ ಮುಚ್ಚಳ ಇಟ್ಟು ಎತ್ತರಿಸಿದರೆ ಗಾಳಿ ಆಡುತ್ತದೆ. ಕೂಲರ್‌ನ ಒದ್ದೆ ಗಾಳಿಗೆ ನೇರ ಎದುರಾಗಿ ಇಡಬೇಡಿರಿ. ತಗಡಿನ ಕೋಣೆಯಲ್ಲಿ ಮಧ್ಯಾಹ್ನ ಚಾರ್ಜ್ ತಾನೇ ನಿಂತರೆ ಅದು ಬಿಸಿಯಿಂದ ರಕ್ಷಿಸಿಕೊಳ್ಳುವ ವ್ಯವಸ್ಥೆ. ಸಾಮಾನ್ಯವಾಗಿ ಸೆಲ್ 45 ಡಿಗ್ರಿ ದಾಟಿದರೆ ಚಾರ್ಜ್ ನಿಧಾನವಾಗುತ್ತದೆ ಇಲ್ಲವೇ ನಿಲ್ಲುತ್ತದೆ.

ರಜೆಗೆ ಊರಿಗೆ ಹೋಗುವಾಗ 50%ರಲ್ಲಿ ಪೂರ್ತಿ ಆಫ್ ಮಾಡಿ ಇಡಿರಿ.

ಟಚ್‌ಪ್ಯಾಡ್ ಮೇಲೆದ್ದರೆ, ಒತ್ತಲು ಬಿಗಿಯಾದರೆ, ಕೆಳಗಿನ ಮುಚ್ಚಳ ಬಾಯಿ ಬಿಟ್ಟರೆ ಬ್ಯಾಟರಿ ಉಬ್ಬಿದೆ. ಆಗ ಚಾರ್ಜರ್ ತೆಗೆದು ಆಫ್ ಮಾಡಿರಿ. ಒತ್ತಿ ಕೂಡಿಸುವುದು, ಸ್ಕ್ರೂ ಬಿಗಿ ಮಾಡುವುದು, ಸೂಜಿಯಿಂದ ಗಾಳಿ ಬಿಡುವುದು ಬೇಡ, ಬೆಂಕಿ ಹತ್ತಬಹುದು. ತಿಳಿದವರ ಕೈಯಿಂದ ಬಿಚ್ಚಿಸಿ ಬದಲಿಸಿರಿ, ಹಳೆಯದನ್ನು ಮನೆಯ ಕಸಕ್ಕೆ ಹಾಕಬೇಡಿರಿ.