ಕಂದು ಹಾಕಿದ ಮೇಲಿನ ಒಂದು ತಾಸು

ಹೋದ ಬೇಸಿಗೆಯಲ್ಲಿ ನಮ್ಮ ಪಕ್ಕದ ಮನೆಯ ಆಕಳು ಕಂದು ಹಾಕಿತು. ಏಳು ತಿಂಗಳ ಗಬ್ಬ. ನಾನು ಹೋಗುವಷ್ಟರಲ್ಲಿ ಸತ್ತ ಕರು ಗೋದಲಿಯ ಹತ್ತಿರ ಒದ್ದೆ ನೆಲದ ಮೇಲೆ ಬಿದ್ದಿತ್ತು. ಮಾಸು ಅರ್ಧ ಒಳಗೆ, ಅರ್ಧ ಹೊರಗೆ. ತೆಳ್ಳಗಿರಬೇಕಾದ ಮಾಸು ಚರ್ಮದ ಹಾಗೆ ದಪ್ಪಗಾಗಿತ್ತು. ಮನೆಯ ಹಿರಿಯರು ಬರಿಗೈಯಲ್ಲೇ ಅದನ್ನು ಎಳೆಯುತ್ತಿದ್ದರು. ನಾಯಿ ಬಾಗಿಲಲ್ಲಿ ಕಾಯುತ್ತಿತ್ತು.

"ಕೈ ಹಾಕಬ್ಯಾಡ್ರಿ ಕಾಕಾ" ಅಂದೆ.

"ಇದೇ ಕೈಲೆ ಎಷ್ಟ ಕರಾ ಇಳಿಸೇನಿ, ಏನ್ ಆಗ್ಯಾದ?" ಅಂದರು.

ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿ, ನಮ್ಮ ಕನ್ನಡದ ಹಳ್ಳಿಗಳಲ್ಲಿ, ಈ ಮಾತು ಮನೆಮನೆಯಲ್ಲೂ ಕೇಳುತ್ತದೆ. ಇಲ್ಲಿ ಮಳೆ ಕಡಿಮೆ, ಬದುಕು ಆಕಳು, ಎಮ್ಮೆ, ಕುರಿಗಳ ಮೇಲೆ. ಮಡಗ್ಯಾಳ ಕುರಿಯ ಹೆಸರು ಬಂದದ್ದೇ ಈ ತಾಲೂಕಿನ ಊರಿನಿಂದ. ಅದಕ್ಕೇ ಈ ರೋಗದ ಬಗ್ಗೆ ಗಟ್ಟಿಯಾಗಿ ಮಾತಾಡಬೇಕು ಅಂತ ನನಗೆ ಅನ್ನಿಸುತ್ತದೆ.

ರೋಗದ ಹೆಸರು ಬ್ರುಸೆಲ್ಲೋಸಿಸ್. ನಾವು ಕಂದು ರೋಗ ಅನ್ನುತ್ತೇವೆ. ಇದನ್ನು ತರುವುದು ಬ್ರುಸೆಲ್ಲಾ ಅನ್ನುವ ಬ್ಯಾಕ್ಟೀರಿಯಾ. ಆಕಳು, ಕುರಿಗಳ ಮಾಸಿನಲ್ಲಿ ಎರಿಥ್ರಿಟಾಲ್ ಅನ್ನುವ ಒಂದು ಥರದ ಸಕ್ಕರೆ ಇರುತ್ತದೆ. ಈ ಬ್ಯಾಕ್ಟೀರಿಯಾಕ್ಕೆ ಅದೆಂದರೆ ಹಬ್ಬದೂಟ. ಗಬ್ಬದ ಕೊನೆಯ ತಿಂಗಳುಗಳಲ್ಲಿ ಅದು ಅಲ್ಲಿ ಕೋಟಿಗಟ್ಟಲೆ ಬೆಳೆಯುತ್ತದೆ, ಮಾಸು ಕೆಡುತ್ತದೆ, ಕರು ಸಾಯುತ್ತದೆ. ಕಂದು ಬಿದ್ದಾಗ ಆ ಅಷ್ಟೂ ಬ್ಯಾಕ್ಟೀರಿಯಾ ನೆಲಕ್ಕೆ ಸುರಿಯುತ್ತದೆ. ಪಕ್ಕದ ಗೂಟದ ಆಕಳು ಆ ನೆಲವನ್ನು ಮೂಸುತ್ತದೆ, ನೆಕ್ಕುತ್ತದೆ, ಅಲ್ಲೇ ಬಿದ್ದ ಮೇವು ತಿನ್ನುತ್ತದೆ. ನಾಯಿ ಮಾಸನ್ನು ಎಳೆದುಕೊಂಡು ಹೋಗಿ ಇನ್ನೊಬ್ಬರ ಹೊಲದಲ್ಲಿ ಬಿಡುತ್ತದೆ. ಸುಡುವ ಬಿಸಿಲಿಗೆ ಈ ಬ್ಯಾಕ್ಟೀರಿಯಾ ಬೇಗ ಸಾಯುತ್ತದೆ. ನೆರಳು, ತೇವ, ಸಗಣಿ ಸಿಕ್ಕರೆ ತಿಂಗಳುಗಟ್ಟಲೆ ಬದುಕುತ್ತದೆ.

ಎಲ್ಲ ಕಂದೂ ಇದೇ ರೋಗದಿಂದ ಬೀಳುವುದಿಲ್ಲ. ಹೊಟ್ಟೆಗೆ ಏಟು ಬಿದ್ದರೂ ಆಗಬಹುದು. ಆದರೆ ಐದು ತಿಂಗಳು ದಾಟಿದ ಮೇಲೆ ಕಂದು ಹಾಕಿದರೆ, ರಕ್ತ ಪರೀಕ್ಷೆ ಆಗುವ ತನಕ ಇದೇ ರೋಗ ಅಂತ ತಿಳಿದೇ ನಡೆದುಕೊಳ್ಳಬೇಕು. ಕೈಗೆ ಗ್ಲೌಸ್ ಹಾಕಿ. ಸಿಗದಿದ್ದರೆ ತೂತಿಲ್ಲದ ದಪ್ಪ ಪ್ಲಾಸ್ಟಿಕ್ ಚೀಲವಾದರೂ ಸರಿ. ಮೂಗು ಬಾಯಿ ಮುಚ್ಚಿಕೊಳ್ಳಿ. ಕಂದು, ಮಾಸು, ಒದ್ದೆಯಾದ ಹುಲ್ಲು ಎಲ್ಲವನ್ನೂ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ, ಮೇಲೆ ಕಲ್ಲು ಹೇರಿ. ತಾಯಿಯನ್ನು ಬೇರೆ ಕಡೆ ಕಟ್ಟಿ, ಏಕೆಂದರೆ ಆಮೇಲೂ ಕೆಲವು ವಾರ ಅದರ ಸೋರಿಕೆಯಲ್ಲಿ ಬ್ಯಾಕ್ಟೀರಿಯಾ ಇರುತ್ತದೆ.

ನಮ್ಮವರು ಮೋಸ ಹೋಗುವ ಜಾಗ ಇನ್ನೊಂದಿದೆ. ಸೋಂಕು ತಗುಲಿದ ಆಕಳು ಸಾಮಾನ್ಯವಾಗಿ ಒಂದೇ ಸಲ ಕಂದು ಹಾಕುತ್ತದೆ. ಮುಂದಿನ ಸಲ ಕರು ಸರಿಯಾಗಿ ಹುಟ್ಟುತ್ತದೆ. "ಗುಣ ಆತು" ಅಂತ ಎಲ್ಲರೂ ನೆಮ್ಮದಿಯಾಗುತ್ತಾರೆ. ಆದರೆ ರೋಗ ಹೋಗಿರುವುದಿಲ್ಲ. ಈದಾಗಲೆಲ್ಲ ಅದು ಮತ್ತೆ ನೆಲಕ್ಕೆ ಬೀಳುತ್ತದೆ, ಹಾಲಿನಲ್ಲೂ ಬರುತ್ತದೆ. ಅಂಥ ಆಕಳನ್ನು ಸಂತೆಯಲ್ಲಿ ಸುಮ್ನೆ ದಾಟಿಸಿದರೆ ರೋಗಕ್ಕೂ ಹೊಸ ಮನೆ ಸಿಗುತ್ತದೆ. ಕಷ್ಟಕ್ಕೆ ಮಾರುತ್ತಾರೆ, ಗೊತ್ತು. ಆದರೂ ಮುಚ್ಚಿಟ್ಟು ಮಾರುವುದು ತಪ್ಪು. ಕೊಳ್ಳುವವರೂ ರಕ್ತ ಪರೀಕ್ಷೆ ಮಾಡಿಸಿ, ಒಂದು ತಿಂಗಳು ಬೇರೆ ಕಟ್ಟಿ, ಆಮೇಲೆ ಹಿಂಡಿಗೆ ಸೇರಿಸಬೇಕು.

ಕುರಿ, ಆಡುಗಳಲ್ಲಿ ಬರುವ ಬ್ರುಸೆಲ್ಲಾ ಮೆಲಿಟೆನ್ಸಿಸ್ ಮನುಷ್ಯರಿಗೆ ಇನ್ನೂ ಜಾಸ್ತಿ ಕೆಟ್ಟದ್ದು. ಹೆಸರಿನಲ್ಲಿರುವುದು ಮಾಲ್ಟಾ ದ್ವೀಪ. ಅಲ್ಲಿ ಬ್ರಿಟಿಷ್ ಸೈನಿಕರು ಜ್ವರದಿಂದ ಸಾಯುತ್ತಿದ್ದಾಗ 1887ರಲ್ಲಿ ಡೇವಿಡ್ ಬ್ರೂಸ್ ಈ ಬ್ಯಾಕ್ಟೀರಿಯಾ ಕಂಡುಹಿಡಿದರು. ಅದು ಬರುವುದು ಎಲ್ಲಿಂದ ಅಂತ ಗೊತ್ತಾಗಲು 1905 ಆಯಿತು. ಥೆಮಿಸ್ಟೋಕ್ಲಿಸ್ ಝಮ್ಮಿಟ್ ಅನ್ನುವ ವೈದ್ಯರು ಅಲ್ಲಿನ ಆಡುಗಳ ರಕ್ತ ಪರೀಕ್ಷಿಸಿದರು. ನೋಡಲು ಗಟ್ಟಿಮುಟ್ಟಾಗಿದ್ದ ಆಡುಗಳಲ್ಲೇ ಸೋಂಕಿತ್ತು! ಮರುವರ್ಷ ಸೈನಿಕರಿಗೆ ಆಡಿನ ಹಾಲು ನಿಲ್ಲಿಸಿದರು, ಜ್ವರ ಇಳಿಯಿತು. ನಮ್ಮ ಕುರಿಗಾರರಲ್ಲಿ ಹಸಿ ಹಾಲು ಕುಡಿಯುವ ರೂಢಿ ಇನ್ನೂ ಇದೆ. ಉಕ್ಕು ಬರುವ ಹಾಗೆ ಕಾಯಿಸಿದರೆ ಸಾಕು, ಬ್ಯಾಕ್ಟೀರಿಯಾ ಸಾಯುತ್ತದೆ.

ಮನುಷ್ಯರಿಗೆ ಬಂದರೆ ಜ್ವರ ಬಿಟ್ಟು ಬಿಟ್ಟು ಬರುತ್ತದೆ, ರಾತ್ರಿ ಬೆವರು, ಸೊಂಟ ಕೀಲು ನೋವು. ಗಂಡಸರಿಗೆ ಬೀಜ ಊದಬಹುದು. ಡಾಕ್ಟರ ಹತ್ತಿರ ಹೋದಾಗ "ಮನೆಯಲ್ಲಿ ದನ ಕಂದು ಹಾಕಿದೆ" ಅಂತ ನೀವೇ ಹೇಳಿ. ಆ ಒಂದು ಮಾತಿಲ್ಲದೆ ರೋಗ ಹಿಡಿಯುವುದು ಕಷ್ಟ. ಸಾಮಾನ್ಯವಾಗಿ ಆರು ವಾರ ಮಾತ್ರೆ ನುಂಗಬೇಕಾಗುತ್ತದೆ.

ಸೋಂಕು ತಗುಲಿದ ದನಕ್ಕೆ ಮಾತ್ರ ನಂಬುವಂಥ ಔಷಧಿ ಇಲ್ಲ. ಕೆಲವು ದೇಶಗಳು ಅಂಥ ದನಗಳನ್ನೆಲ್ಲ ಕೊಂದು ರೋಗ ಮುಗಿಸಿದವು. ನಮ್ಮಲ್ಲಿ ಅದು ಆಗದ ಮಾತು. ಉಳಿದದ್ದು ಎಸ್-19 ಲಸಿಕೆ. 2019ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಕಾರ್ಯಕ್ರಮದಲ್ಲಿ ಆಕಳು, ಎಮ್ಮೆಗಳ ಹೆಣ್ಣುಗರುಗಳಿಗೆ ಇದನ್ನು ಪುಕ್ಕಟೆ ಹಾಕುತ್ತಾರೆ. 4ರಿಂದ 8 ತಿಂಗಳ ಒಳಗೆ, ಜೀವನಕ್ಕೆ ಒಂದೇ ಸಲ. ಇದು ಜೀವಂತ ಲಸಿಕೆ, ಆದ್ದರಿಂದ ಗಬ್ಬದ ದನಕ್ಕೆ ಹಾಕುವ ಹಾಗಿಲ್ಲ, ಹೋರಿಗರುವಿಗೂ ಇಲ್ಲ. ಸೂಜಿ ನಮ್ಮ ಕೈಗೆ ಚುಚ್ಚಿದರೆ ನಮಗೂ ರೋಗ ಬರಬಹುದು, ಹಾಗಾಗಿ ದವಾಖಾನೆಯವರೇ ಹಾಕಬೇಕು. ಕುರಿಗಳು ಈ ಕಾರ್ಯಕ್ರಮದಲ್ಲಿಲ್ಲ, ಅದು ನನಗೆ ಬಹಳ ನೋವಿನ ವಿಷಯ. ಕುರಿಗಾರರಿಗೆ ಸದ್ಯಕ್ಕೆ ಇರುವುದು ಎಚ್ಚರ ಒಂದೇ. ಬೇರೆಯವರ ಟಗರು ತರುವ ಮುಂಚೆ ಅದರ ಬೀಜವನ್ನು ಎರಡೂ ಕೈಯಿಂದ ಹಿಡಿದು ನೋಡಿ. ಒಂದು ಕಡೆ ಗಂಟು, ಊತ ಸಿಕ್ಕರೆ ಆ ಟಗರು ಬೇಡ. ಗಂಟಿಲ್ಲ ಅಂದಮಾತ್ರಕ್ಕೆ ನಂಬಬೇಡಿ, ರಕ್ತವನ್ನೂ ಪರೀಕ್ಷೆ ಮಾಡಿಸಿ.

ಪಕ್ಕದ ಮನೆಯ ಎಮ್ಮೆ ಕಾರಹುಣ್ಣಿಮೆಯ ಹೊತ್ತಿಗೆ ಹೆಣ್ಣುಗರು ಹಾಕಿತು. ಕಾಕಾ ಮತ್ತು ನಾನು ಕಟ್ಟೆಯ ಮೇಲೆ ಕೂತು ಬೆರಳು ಎಣಿಸಿದೆವು. ಸೀಗಿ ಹುಣ್ಣಿಮೆಗೆ ನಾಲ್ಕು ತಿಂಗಳು, ಭಾರತ ಹುಣ್ಣಿಮೆಗೆ ಎಂಟು. "ದೀಪಾವಳಿ ಮುಗೀತಿದ್ದಂಗ ಹಾಕಿಸೂಣು" ಅಂದರು ಕಾಕಾ, ಗೋಡೆಯ ಕ್ಯಾಲೆಂಡರಿನಲ್ಲಿ ಇದ್ದಿಲಿನಿಂದ ಒಂದು ಗೆರೆ ಎಳೆದರು.